ಹಿಕ್ಸ್‌ವಿಲ್ಲಿನ ಕೊಲೋಸಿಯಂ

ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಸಂಗೀತದ ಹುಚ್ಚು. ಅಶ್ವತ್ಥನಾರಾಯಣನಿಗಿದ್ದದ್ದು ಕೊಲೋಸಿಯಂ ಹುಚ್ಚು. ಅದು ಅವನಿಗೆ ಹತ್ತಿದ್ದು ೧೯೬೭ರಲ್ಲಿ, ಮೈಸೂರು ಬಿಟ್ಟು ಮೊದಲ ಸಲ ಅಮೆರಿಕಕ್ಕೆ ಹೊರಟಾಗ. ಬೊಂಬಾಯಿಯಿಂದ ಹಾರಿದ ವಿಮಾನ ರೋಮಿನಲ್ಲಿ ಇಳಿದದ್ದು, ಅದೇನೋ ರಿಪೇರಿಯೆಂದು ಒಂಬತ್ತು ಗಂಟೆ ಮೇಲೇಳಲಿಲ್ಲ. ಉಳಿದ ಪ್ರಯಾಣಿಕರು ಬೆಂಚುಗಳ ಮೇಲೆ ಕೂತು ಗೊಣಗುತ್ತಿದ್ದಾಗ ಇವನು ಬಸ್ಸು ಹತ್ತಿ ಊರು ನೋಡಲು ಹೋಗಿ, ಸುಮಾರು ಎರಡು ಸಾವಿರ ವರ್ಷ ಹಳೆಯ ಆ ಕಲ್ಲಿನ ಅಖಾಡದ ಮುಂದೆ ಇಳಿದ.

ಬೇರೆಯವರು ಆ ಕಟ್ಟಡದಲ್ಲಿ ನಿಂತು ಸಿಂಹಗಳನ್ನೂ ಕತ್ತಿಗಳನ್ನೂ ಕಲ್ಪಿಸಿಕೊಂಡರೆ, ಸಿವಿಲ್ ಇಂಜಿನಿಯರ್ ಆದ ಇವನು ಮೆಟ್ಟಿಲು ಎಣಿಸಿದ. ಸುತ್ತಲೂ ಎಂಬತ್ತು ಕಮಾನುಗಳು. ಉಳಿದಿರುವ ಕೆಲವು ಕಮಾನುಗಳ ನೆತ್ತಿಯ ಮೇಲೆ ಆಗ ಕೆತ್ತಿದ ಅಂಕಿ ಇನ್ನೂ ಇದೆ. ನೋಡಲು ಬರುವವನ ಟಿಕೆಟ್ಟಿನ ಮೇಲೆ ಅದೇ ಅಂಕಿ; ಅವನು ಆ ಕಮಾನಿನಲ್ಲೇ ಒಳಗೆ ಹೋಗಬೇಕು, ಆಟ ಮುಗಿದ ಮೇಲೆ ಅದರಲ್ಲೇ ಹೊರಗೆ ಬರಬೇಕು. ಐವತ್ತು ಸಾವಿರ ಜನ ಕಾಲು ಗಂಟೆಯಲ್ಲಿ ಖಾಲಿಯಾಗುತ್ತಿದ್ದರಂತೆ. ಮೈಸೂರಿನಲ್ಲಿ ಸಿನಿಮಾ ಬಿಟ್ಟಾಗ ಒಂದೇ ಬಾಗಿಲಲ್ಲಿ ನುಗ್ಗಿ, ಒಂದು ಚಪ್ಪಲಿ ಕಳೆದುಕೊಂಡು ಹೊರಗೆ ಬೀಳುತ್ತಿದ್ದ ಅಶ್ವತ್ಥನಾರಾಯಣನಿಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಪುಸ್ತಕಗಳನ್ನು ಓದಿದಾಗ ಅವನಿಗೆ ಒಂದು ಸಂಕಟವೂ ಹತ್ತಿಕೊಂಡಿತು. ಅಷ್ಟು ಬುದ್ಧಿವಂತಿಕೆಯಿಂದ ಮೆಟ್ಟಿಲು ಕಟ್ಟಿ, ಬಿಸಿಲು ತಾಗದಂತೆ ಮೇಲೆ ಬಟ್ಟೆಯ ಚಪ್ಪರ ಎಳೆದು, ನೆಲದ ಕೆಳಗಿನಿಂದ ಪ್ರಾಣಿಗಳನ್ನು ಎತ್ತಿ ತರುವ ಪೆಟ್ಟಿಗೆಗಳನ್ನು ಮಾಡಿ, ಕೊನೆಗೆ ಆ ಜನ ನೋಡುತ್ತಿದ್ದದ್ದು ಮನುಷ್ಯ ಮನುಷ್ಯನನ್ನು ಕೊಲ್ಲುವುದನ್ನು. ಬೆಳ್ಳಿ ತಟ್ಟೆ ತೊಳೆದು ಅದರಲ್ಲಿ ಹಳಸಿದ ಅನ್ನ ಬಡಿಸಿದ ಹಾಗೆ. ಇದನ್ನು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಹಿಕ್ಸ್‌ವಿಲ್ಲಿನಿಂದ ಮ್ಯಾನ್‌ಹ್ಯಾಟನ್ನಿಗೆ ಹೋಗುವ ರೈಲಿನಲ್ಲಿ ಪಕ್ಕ ಕೂತವರಿಗೆ ಹೇಳಿದ. ಆಫೀಸಿನಲ್ಲಿ ಅವನ ಕೆಲಸ ಸ್ಟೇಡಿಯಂಗಳ ಮೆಟ್ಟಿಲು ಲೆಕ್ಕ ಹಾಕುವುದು, ಅಲ್ಲಿಯೂ ಹೇಳಿದ. ಲಾಂಗ್ ಐಲೆಂಡಿನ ಕನ್ನಡ ಸಂಘದಲ್ಲಂತೂ ಅವನು ಬಾಯಿ ತೆರೆದರೆ ಜನ ಕಾಫಿಗೆ ಎದ್ದು ಹೋಗುತ್ತಿದ್ದರು. ಅವನಿಗೆ ‘ರೋಮ್ ಅಶ್ವತ್ಥ’ ಎಂಬ ಹೆಸರೂ ಬಿದ್ದಿತ್ತು.

೧೯೭೫ರ ಫೆಬ್ರವರಿಯಲ್ಲಿ ಅವನ ಹುಚ್ಚಿಗೆ ಒಂದು ಕೆಲಸ ಬಂತು.

ಸಂಘದ ಅಧ್ಯಕ್ಷರು ಶರಣಬಸಪ್ಪ, ಧಾರವಾಡದವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರು. ಹಿಕ್ಸ್‌ವಿಲ್ಲಿನ ಪಕ್ಕದ ಜೆರಿಕೋದಲ್ಲಿದ್ದ ಅಶ್ವತ್ಥನಾರಾಯಣನ ಮನೆಯ ಬೇಸ್‌ಮೆಂಟಿನಲ್ಲಿ ಕಮಿಟಿ ಸೇರಿದಾಗ ಅವರು ಸಾವಿನ ಮನೆಗೆ ಬಂದವರಂತೆ ಕೂತರು.

“ಹಿಂಗಾದ್ರ ಹೆಂಗ್ರಿ? ದೀಪಾವಳಿಗೆ ಸಾಲಿ ಹಾಲ್ ನಾಕಕ್ಕ ಬಿಡ್ತೀವಿ ಅಂತ ಬರದು ಕೊಟ್ಟು ಪೌಣೇ ಆರಕ್ಕ ಬಿಟ್ವಿ. ಆ ಸಾಲಿಯಾಂವ ಇನ್ನೂ ಸಿಟ್ಟಿನಾಗ ಇದ್ದಾನ. ಮೊದಲಿನ ಎರಡು ಹಾಲ್‌ನವರು ಹಿಂಗ ಕೈಬಿಟ್ರು. ಇದೊಂದು ಉಳದದ. ಇದೂ ಹೋತಂದ್ರ ಇನ್ನೂರ ನಲವತ್ತು ಮಂದೀನ್ನ ಎಲ್ಲಿ ಕೂಡಿಸೂದು?”

ವರ್ಷಕ್ಕೆ ಎರಡೇ ಸಲ ಆ ಜನ ಒಂದೆಡೆ ಸೇರುತ್ತಿದ್ದದ್ದು. ನ್ಯೂಜೆರ್ಸಿಯಿಂದ ಎರಡು ಸೇತುವೆ ದಾಟಿ ಬರುವವರೂ ಇದ್ದರು. ನಿರುಪಮಾ, ಅಂದರೆ ಅಶ್ವತ್ಥನಾರಾಯಣನ ಹೆಂಡತಿ, ಆ ಎರಡು ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದಳು. ಉಳಿದ ದಿನ ಅವಳಿಗೆ ಕನ್ನಡ ಮಾತಾಡಲು ಗಂಡ ಮತ್ತು ಫೋನು ಇಷ್ಟೇ.

“ನಾನು ಹದಿನೈದು ನಿಮಿಷದಲ್ಲಿ ಖಾಲಿ ಮಾಡಿಸ್ತೀನಿ,” ಎಂದ ಅಶ್ವತ್ಥನಾರಾಯಣ.

“ಹ್ಯಾಂಗ?”

“ರೋಮಿನಲ್ಲಿ ಐವತ್ತು ಸಾವಿರ ಜನಾನ...”

“ಬಂತು ನೋಡ್ರಿ,” ಎಂದರು ಶರಣಬಸಪ್ಪ. ಆದರೆ ನೀರಿನಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವರು ಈ ಸಲ ಕಾಫಿಗೆ ಏಳಲಿಲ್ಲ.

ಮಾರನೆಯ ಶನಿವಾರ ಅಶ್ವತ್ಥನಾರಾಯಣ ಹಿಕ್ಸ್‌ವಿಲ್ಲಿನ ಆ ಶಾಲೆಗೆ ಹೋಗಿ, ಕಟ್ಟಡ ನೋಡಿಕೊಳ್ಳುವ ಜಾನಿಟರ್ ರೂಸ್ಸೋವನ್ನು ಕಂಡ. ಐವತ್ತೈದರ ಗಟ್ಟಿ ಆಳು, ಸೊಂಟದಲ್ಲಿ ಸೇರಿನ ತೂಕದ ಬೀಗದ ಕೈ ಗೊಂಚಲು. ಅವನ ಅಪ್ಪ ಅಮ್ಮ ಇಟಲಿಯಿಂದ ಬಂದವರು. ಕೊಲೋಸಿಯಂ ಮಾತು ತೆಗೆದರೆ ಕರಗಿಯಾನೆಂದು ಅಶ್ವತ್ಥನಾರಾಯಣ ಆಸೆಪಟ್ಟಿದ್ದ. ರೂಸ್ಸೋ ಕರಗಲಿಲ್ಲ. ತಾನು ಲಾಂಗ್ ಐಲೆಂಡ್ ದಾಟಿ ಆಚೆಗೆ ಹೋದದ್ದು ಯುದ್ಧಕ್ಕೆ ಮಾತ್ರ ಎಂದ.

“ನೋಡು,” ಎಂದ ಅವನು ತನ್ನ ಇಂಗ್ಲಿಷಿನಲ್ಲಿ, “ನನಗೆ ನಿಮ್ಮ ಜನ ಇಷ್ಟ. ಯಾರೂ ಕುಡಿಯೋದಿಲ್ಲ, ಹೊಡೆದಾಡೋದಿಲ್ಲ. ಆದರೆ ಮನೆಗೂ ಹೋಗೋದಿಲ್ಲ. ನಾಲ್ಕು ಗಂಟೆಗೆ ಕಟ್ಟಡದೊಳಗೆ ಒಬ್ಬನೇ ಒಬ್ಬ ಇದ್ದರೂ ನಾನು ಬರೆದು ಕಳಿಸಲೇಬೇಕು. ಆಮೇಲೆ ಈ ಹಾಲನ್ನು ಮರೆತುಬಿಡಿ.”

ಅವನು ಕೊಟ್ಟ ಕಾಗದಕ್ಕೆ ಅಶ್ವತ್ಥನಾರಾಯಣ ಸಹಿ ಹಾಕಿದ. ನಾಲ್ಕು ಗಂಟೆಗೆ ಕಟ್ಟಡ ಖಾಲಿ. ರಂಗದ ಮರದ ನೆಲದ ಮೇಲೆ ಒಂದು ಕಲೆಯೂ ಇರಕೂಡದು. ಎರಡೇ ಶರತ್ತು.

ಆ ವರ್ಷ ಯುಗಾದಿ ಶನಿವಾರವೇ ಬಂದಿತ್ತು, ಏಪ್ರಿಲ್ ಹನ್ನೆರಡು. ಎರಡು ತಿಂಗಳು ಅಶ್ವತ್ಥನಾರಾಯಣನಿಗೆ ಊಟ ನಿದ್ರೆ ಹತ್ತಲಿಲ್ಲ. ಆಡಿಟೋರಿಯಮ್ಮಿಗೆ ಆರು ಬಾಗಿಲು: ಪಕ್ಕಗಳಲ್ಲಿ ನಾಲ್ಕು ನೇರ ಹೊರಕ್ಕೆ, ಹಿಂದುಗಡೆ ಎರಡು ಲಾಬಿಗೆ. ಲಾಬಿಯ ಆಚೆ ಶಾಲೆಯ ಹೆಬ್ಬಾಗಿಲು. ಅವನು ಬಾಗಿಲುಗಳಿಗೆ ಕಮಾನು ಒಂದು, ಕಮಾನು ಎರಡು ಎಂದು ನಂಬರು ಕೊಟ್ಟ. ಬಾಗಿಲಿಗೊಂದು ಬಣ್ಣದಂತೆ ಆರು ಬಣ್ಣದ ರಟ್ಟಿನಲ್ಲಿ ಇನ್ನೂರ ನಲವತ್ತು ಟಿಕೆಟ್ಟು ಕತ್ತರಿಸಿದ. ಅಗಲ ಅಳೆದ. ಜನ ನಡೆಯುವ ವೇಗ ಅಳೆಯಲು ಎಂಟು ವರ್ಷದ ಮಗಳು ನೀತಾಳನ್ನು ಡ್ರೈವ್‌ವೇಯಲ್ಲಿ ನಡೆಸಿ ಸ್ಟಾಪ್‌ವಾಚ್ ಹಿಡಿದ.

“ಡ್ಯಾಡಿ, ನಾರ್ಮಲ್ ಸ್ಪೀಡ್ ಆರ್ ಇಂಡಿಯನ್ ಸ್ಪೀಡ್?” ಎಂದು ಅವಳು ಕೇಳಿದಳು.

ಅದೂ ಸರಿಯೆಂದು ಅವನು ಎರಡನ್ನೂ ಅಳೆದ. ಇಂಡಿಯನ್ ಸ್ಪೀಡಿಗೆ ಹಾಲ್ ಖಾಲಿಯಾಗಲು ಒಂಬತ್ತು ನಿಮಿಷ ಬಂತು. ನಿರುಪಮಾ ಪಕ್ಕದಲ್ಲೇ ಕೂತು ತೊಂಬತ್ತು ಪ್ಲಾಸ್ಟಿಕ್ ಚೀಲಗಳಿಗೆ ಒಂದೊಂದು ಕಿತ್ತಳೆ, ಒಂದೊಂದು ಅಡಿಕೆ ಪೊಟ್ಟಣ, ಒಂದೊಂದು ರವಿಕೆ ಕಣ ತುಂಬುತ್ತಿದ್ದಳು. ಅವನು ಅದನ್ನು ನೋಡಿದ, ಆದರೆ ನೋಡಲಿಲ್ಲ.

“ನನ್ನ ಲೆಕ್ಕ ತಪ್ಪೋ ಮಾತೇ ಇಲ್ಲ ನಿರೂ,” ಎಂದ.

“ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ,” ಎಂದು ಅವಳು ಇನ್ನೊಂದು ಚೀಲಕ್ಕೆ ಗಂಟು ಹಾಕಿದಳು.

ಶರಣಬಸಪ್ಪನವರಿಗೆ ಇನ್ನೊಂದು ಚಿಂತೆ. ಜನ ಬಣ್ಣದ ಟಿಕೆಟ್ಟು ಯಾಕೆಂದು ಕೇಳಿದರೆ ಏನು ಹೇಳುವುದು? ರೋಮಿನ ಬಗ್ಗೆ ಒಂದು ಭಾಷಣ ಇಡೋಣವೆಂದು ಅಶ್ವತ್ಥನಾರಾಯಣ ಎಂದ.

“ನಿಮ್ಮ ಭಾಷಣ ಕೈಮುಗಿತೀನಿ ಬ್ಯಾಡ. ನಾಟಕ ಬರೀರಿ. ನಮ್ಮ ಮಂದಿ ನಾಟಕಾ ಅಂದ್ರ ಕೂಡ್ತಾರ.”

ಹಾಗಾಗಿ ಅಶ್ವತ್ಥನಾರಾಯಣ ಜನ್ಮದಲ್ಲಿ ಮೊದಲ ನಾಟಕ ಬರೆದ. ಅರ್ಧ ಗಂಟೆಯದು, ಹೆಸರು ‘ಮರಳಿನ ದಾಹ’. ಇಬ್ಬರು ಸೆರೆಯಾಳುಗಳು ಅಖಾಡದಲ್ಲಿ ಕಾದಾಡುತ್ತಾರೆ. ಬಿದ್ದವನನ್ನು ಕೊಲ್ಲು ಎಂದು ಚಕ್ರವರ್ತಿ ಅಪ್ಪಣೆ ಕೊಡುತ್ತಾನೆ. ಸಾಯುವವನು ನೋಡುತ್ತ ಕೂತವರನ್ನು ಮಾತಿನಲ್ಲಿ ಚುಚ್ಚಿ ಸಾಯುತ್ತಾನೆ. ನೋಡಿದವರು ನಾಚಿ ತಲೆ ತಗ್ಗಿಸಬೇಕು, ಅದು ಅವನ ಉದ್ದೇಶ.

ಸಾಯುವ ಪಾತ್ರಕ್ಕೆ ಸುಬ್ಬು ಸಿಕ್ಕಿದ. ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತಿದ್ದ ಬ್ರಹ್ಮಚಾರಿ, ಬ್ರೆಡ್ಡಿನ ಮೇಲೆ ಬದುಕುತ್ತಿದ್ದವನು, ಸಂಘದ ಹೆಂಗಸರೆಲ್ಲ ಡಬ್ಬಿ ಕಟ್ಟಿಕೊಟ್ಟು ಸಾಕುತ್ತಿದ್ದ ಹುಡುಗ. ಕೊಲ್ಲುವವರು ಡಾಕ್ಟರ್ ಗಣಪತಿ, ಕುಂದಾಪುರದವರು, ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಕೊಡುವುದು ಅವರ ಕೆಲಸ. “ದಿನಾ ಜನರನ್ನು ಮಲಗಿಸುದೇ ಅಲ್ವಾ ಮಾರಾಯ್ರೆ, ಇವನನ್ನೂ ಮಲಗಿಸಿದ್ರಾಯ್ತು,” ಎಂದು ಅವರು ಒಪ್ಪಿಕೊಂಡರು. ಅವರ ಕೈಗೆ ತೋಟ ಅಗೆಯುವ ಮೂರು ಹಲ್ಲಿನ ಫೋರ್ಕು ತ್ರಿಶೂಲವಾಯಿತು, ಬ್ಯಾಡ್ಮಿಂಟನ್ ನೆಟ್ಟು ಬಲೆಯಾಯಿತು. ಸುಬ್ಬುವಿನ ಕೈಗೆ ರಟ್ಟಿನ ಕತ್ತಿ ಕೊಟ್ಟು, ಎದೆಗೆ ಅಲ್ಯುಮಿನಿಯಂ ಬೇಕಿಂಗ್ ಟ್ರೇ ಕಟ್ಟಿದರು. ಅದರ ಕೆಳಗೆ ಬೀಟ್‌ರೂಟ್ ರಸ ಮತ್ತು ಕೆಚಪ್ ಕಲಸಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಚಕ್ರವರ್ತಿ ಶರಣಬಸಪ್ಪನವರೇ. ಅವರ ತಲೆಗೆ ಎಲೆಯ ಕಿರೀಟ ಬೇಕಿತ್ತು. ನಿರುಪಮಾ ಪಲಾವಿಗೆ ಹಾಕುವ ಎಲೆಗಳನ್ನು ಸೂಪರ್‌ಮಾರ್ಕೆಟ್ಟಿನಿಂದ ತಂದು ತೋರಣದಂತೆ ಪೋಣಿಸಿ ಕೊಟ್ಟಳು. ರೋಮಿನವರು ತಲೆಗೆ ಕಟ್ಟುತ್ತಿದ್ದದ್ದೂ ಅದೇ ಎಲೆಯೆಂದು ಗಂಡ ಹೇಳಿದಾಗ, “ಹಾಗಾದ್ರೆ ನಾಟಕ ಮುಗಿದ ಮೇಲೆ ವಾಪಸ್ ಕೊಡಿ, ಪಲಾವಿಗೆ ಬೇಕು,” ಎಂದಳು.

ರಂಗದ ನೆಲಕ್ಕೂ ರೋಮಿನವರೇ ದಾರಿ ತೋರಿಸಿದರು. ರಕ್ತ ಹೀರಲು ಅವರು ಅಖಾಡದ ತುಂಬ ಮರಳು ಹಾಸುತ್ತಿದ್ದರು. ಅಶ್ವತ್ಥನಾರಾಯಣ ಒಂದು ದೊಡ್ಡ ಟಾರ್ಪಾಲಿನ್ ಹಾಸಿ, ಮಕ್ಕಳು ಆಡುವ ಮರಳನ್ನು ಎಂಟು ಚೀಲ ತಂದು ಅದರ ಮೇಲೆ ಹರವಿದ. ರೂಸ್ಸೋ ಬಂದು ಬೂಟಿನ ತುದಿಯಿಂದ ಒತ್ತಿ ನೋಡಿ ತಲೆಯಾಡಿಸಿದ.

ಯುಗಾದಿಯ ದಿನ ಬೆಳಿಗ್ಗೆಯಿಂದ ಎಲ್ಲವೂ ಗಡಿಯಾರ ಹೇಳಿದಂತೆ ನಡೆಯಿತು. ಬೇವಿನೆಲೆ ಸಿಗದೆ ಯಾರೋ ಮೆಂತ್ಯದ ಪುಡಿಯನ್ನೇ ಬೆಲ್ಲಕ್ಕೆ ಬೆರೆಸಿ ಹಂಚಿದರು. ಕಹಿ ಕಹಿಯೇ ತಾನೇ ಎಂದು ಎಲ್ಲರೂ ಬಾಯಿಗೆ ಹಾಕಿಕೊಂಡರು. ಹನ್ನೆರಡೂವರೆಗೆ ಊಟ, ಹೋಳಿಗೆ, ಮಾವಿನಕಾಯಿ ಬದಲು ಹುಳಿ ಸೇಬಿನ ಚಿತ್ರಾನ್ನ. ಸುಬ್ಬು ಮಾತ್ರ ಉಣ್ಣಲಿಲ್ಲ. ಟ್ರೇ ಬಿಗಿಯಾಗಿದೆ, ಹೊಟ್ಟೆ ಹಿಡಿಯುವುದಿಲ್ಲ ಎಂದ. ಜನ ಟಿಕೆಟ್ಟು ಕೈಯಲ್ಲಿ ಹಿಡಿದು ನನ್ನದು ಮೂರನೆಯ ಕಮಾನು, ನಿಮ್ಮದು ಎಷ್ಟನೆಯದು ಎಂದು ಮದುವೆ ಮನೆಯ ಸಡಗರದಲ್ಲಿ ಕೇಳಿಕೊಂಡು ಓಡಾಡಿದರು. ಅಶ್ವತ್ಥನಾರಾಯಣ ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಎಂಟು ವರ್ಷದ ಮೇಲೆ ಮೊದಲ ಸಲ ಜನ ಅವನ ರೋಮಿನೊಳಗೆ ಬಂದು ಕೂತಿದ್ದರು.

ಮೂರು ಗಂಟೆಗೆ ಪರದೆ ಸರಿಯಿತು. ಬೆಡ್‌ಶೀಟು ಹೊದ್ದ ಶರಣಬಸಪ್ಪ ಕುರ್ಚಿಯ ಮೇಲೆ ಕೂತಿದ್ದರು, ಎಲೆಯ ಕಿರೀಟ ಹುಬ್ಬಿನವರೆಗೂ ಇಳಿದಿತ್ತು. ಕಾದಾಟ ಶುರುವಾಯಿತು. ಗಣಪತಿ ಊರಿನಲ್ಲಿ ಬಲೆ ಬೀಸುವವರನ್ನು ಕಂಡು ಬೆಳೆದವರು, ಒಂದೇ ಬೀಸಿಗೆ ಸುಬ್ಬುವನ್ನು ಸುತ್ತಿ ಕೆಡವಿದರು. ಚಕ್ರವರ್ತಿ ಹೆಬ್ಬೆರಳು ತಿರುಗಿಸಿದರು. ಫೋರ್ಕು ಇಳಿಯಿತು, ಚೀಲ ಒಡೆಯಿತು, ಬಿಳಿ ಮರಳಿನ ಮೇಲೆ ಕೆಂಪು ಹರಿಯಿತು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ರೂಸ್ಸೋ ದಿಗ್ಗನೆ ನೆಟ್ಟಗಾದ.

ಸುಬ್ಬು ಮೊಣಕೈ ಊರಿ ಎದ್ದು ಜನರತ್ತ ತಿರುಗಿದ. “ಎಲೈ ರೋಮಿನ ಮಹಾಜನಗಳೇ, ನನ್ನ ರಕ್ತವನ್ನು ಈ ಮರಳು ಕುಡಿಯಿತು. ನಿಮ್ಮ ಕಣ್ಣುಗಳೂ ಕುಡಿದವು. ಮರಳಿನ ದಾಹ ತೀರಿತು. ನಿಮ್ಮದು ತೀರಿತೇ?” ಎಂದು ಹೇಳಿ ಸತ್ತ.

ಮಕ್ಕಳು ಅಳತೊಡಗಿದರು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಅಶ್ವತ್ಥನಾರಾಯಣನ ಎದೆ ತುಂಬಿಬಂತು. ತಾನು ಎಂಟು ವರ್ಷದಿಂದ ಹೇಳಲಾಗದೆ ಒದ್ದಾಡಿದ್ದನ್ನು ಆ ಹುಡುಗ ಮೂರು ಮಾತಿನಲ್ಲಿ ಮುಟ್ಟಿಸಿದ್ದ. ಆಗ ಎರಡನೆಯ ಸಾಲಿನಿಂದ ಒಂದು ದನಿ ಬಂತು.

“ಒನ್ಸ್ ಮೋರ್.”

ಕೂಗಿದವರು ಬದರೀನಾಥರಾಯರು. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ಎಪ್ಪತ್ತರ ಮುದುಕರು, ಚಿಕ್ಕಂದಿನಿಂದ ಕಂಪನಿ ನಾಟಕ ನೋಡಿ ಬೆಳೆದವರು. ಆ ನಾಟಕಗಳಲ್ಲಿ ಒಂದು ಹಾಡೋ ಮಾತೋ ಮೆಚ್ಚಿಗೆಯಾದರೆ ಜನ ಒನ್ಸ್ ಮೋರ್ ಎನ್ನುತ್ತಿದ್ದರು, ನಟ ಅದನ್ನು ಮತ್ತೆ ಮಾಡಲೇಬೇಕಿತ್ತು. ಸತ್ತು ಬಿದ್ದ ರಾಜನೂ ಎದ್ದು, ಸಭೆಗೆ ನಮಸ್ಕಾರ ಮಾಡಿ, ಇನ್ನೊಮ್ಮೆ ಸಾಯುತ್ತಿದ್ದ. ಹಾಗೆ ಮಾಡದಿದ್ದರೆ ಸಭೆಗೆ ಅವಮಾನ.

ಒಂದು ಕೂಗು ಇಪ್ಪತ್ತಾಯಿತು, ಇಪ್ಪತ್ತು ಇನ್ನೂರಾಯಿತು. ಗಡಿಯಾರದಲ್ಲಿ ಮೂರು ಮೂವತ್ತು. ಅಶ್ವತ್ಥನಾರಾಯಣ ಬೇಡ ಬೇಡವೆಂದು ಕೈ ಬೀಸಿದ. ಆದರೆ ಸುಬ್ಬು ಆಗಲೇ ಎದ್ದಾಗಿತ್ತು. ಬಲೆಯೊಳಗಿಂದಲೇ ಕೈ ಮುಗಿದು, ಎರಡನೆಯ ಚೀಲವನ್ನು ಟ್ರೇ ಕೆಳಗೆ ಸರಿಪಡಿಸಿಕೊಂಡು, ಕತ್ತಿ ಹಿಡಿದು ನಿಂತ. ಹಿಂದಿನಿಂದ ಒಂದು ದೊಡ್ಡ ನಗೆ ಕೇಳಿಸಿತು. ರೂಸ್ಸೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮೊದಲ ಸಾವಿಗೆ ಅಳುತ್ತಿದ್ದ ಮಕ್ಕಳು ಕಣ್ಣೊರೆಸಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತರು.

ಎರಡನೆಯ ಸಾವು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಗಣಪತಿ ಮೂರು ಸುತ್ತು ಹೆಚ್ಚು ಹಾಕಿದರು. ಸುಬ್ಬು ಮಾತಿನ ಕೊನೆಯಲ್ಲಿ ದನಿ ನಡುಗಿಸಿದ, “ನಿಮ್ಮದು... ತೀರಿತೇ?” ಎಂದು ಬೆರಳು ತೋರಿಸಿಯೇ ಪ್ರಾಣಬಿಟ್ಟ. ಅಶ್ವತ್ಥನಾರಾಯಣನಿಗೆ ಮೈ ಝುಂ ಎಂದಿತು. ಆ ಸಾಲನ್ನು ಅವನು ರೈಲಿನಲ್ಲಿ ಬರೆದಿದ್ದ, ಮಿನಿಯೋಲಾ ಸ್ಟೇಷನ್ನಿನ ಹತ್ತಿರ. ಅದು ಇಷ್ಟು ಚೆನ್ನಾಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

“ಒನ್ಸ್ ಮೋರ್,” ಎಂದು ಯಾರೋ ಗಂಟಲು ಹರಿಯುವಂತೆ ಕೂಗಿದರು.

ಸಭೆಯೆಲ್ಲ ಪಕ್ಕದ ಪರದೆಯತ್ತ ತಿರುಗಿತು. ಕೂಗಿದವನು ತಾನೇ ಎಂದು ಅಶ್ವತ್ಥನಾರಾಯಣನಿಗೆ ಆಗ ತಿಳಿಯಿತು. ರಕ್ತ ನೋಡಿ ಕೇಕೆ ಹಾಕುವ ಜನರ ಮೇಲೆ ನಾಟಕ ಬರೆದವನು, ಕೈಯಲ್ಲಿ ಓಡುತ್ತಿರುವ ಸ್ಟಾಪ್‌ವಾಚ್ ಹಿಡಿದು, ಇನ್ನೊಮ್ಮೆ ಕೊಲ್ಲಿ ಎನ್ನುತ್ತಿದ್ದಾನೆ. ಅವನಿಗೆ ನಾಚಿಕೆಯಾಯಿತು. ಜೊತೆಗೆ, ಸುಳ್ಳೇಕೆ, ಮಹಾ ಸಂತೋಷವೂ ಆಯಿತು.

ಮೂರನೆಯ ಸಲ ಸುಬ್ಬು ಬಿದ್ದಾಗ ಅವನ ಮುಖ ನಿಜವಾಗಿಯೂ ಬಾಡಿತ್ತು. ಚಕ್ರವರ್ತಿ ಹೆಬ್ಬೆರಳು ಎತ್ತಿ, ಸಂಪ್ರದಾಯದಂತೆ ಸಭೆಯನ್ನು ಕೇಳಿದರು: “ಮಹಾಜನಗಳೇ, ಇವನು ಬದುಕಬೇಕೋ, ಸಾಯಬೇಕೋ?” ಅದಕ್ಕೆ ಉತ್ತರ ಬರುವುದೆಂದು ಯಾರೂ ಎಣಿಸಿರಲಿಲ್ಲ.

ಮೊದಲ ಸಾಲಿನಲ್ಲಿ ಪಂಕಜಾ ಎದ್ದು ನಿಂತರು, ಶರಣಬಸಪ್ಪನವರ ಹೆಂಡತಿ.

“ಸಾಕು ಬಿಡ್ರಿ ಅವನ್ನ. ಎರಡು ಸರ್ತೆ ಕೊಂದದ್ದು ಸಾಲದೇನು? ಮುಂಜಾನಿಂದ ಒಂದು ತುತ್ತು ಉಂಡಿಲ್ಲ ಹುಡುಗ.”

“ಏ, ನಾಟಕದಾಗ ಹಂಗ ಇಲ್ಲ,” ಎಂದರು ಚಕ್ರವರ್ತಿ ಮೆಲ್ಲಗೆ.

“ಇಲ್ಲಂದ್ರ ಏನಾತು? ಬಿಡ್ರಿ ಅಂದ್ರ ಬಿಡ್ರಿ.”

“ಬಿಡಿ, ಬಿಡಿ,” ಎಂದು ಹೆಂಗಸರೆಲ್ಲ ಎದ್ದರು. ಗಂಡಸರೂ ಎದ್ದರು. ಕುರ್ಚಿಗಳ ಮೇಲಿನ ಮಕ್ಕಳು “ಲೆಟ್ ಹಿಮ್ ಗೋ” ಎಂದು ಕಿರುಚಿದರು. ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಹೆಂಡತಿಯ ಮುಖ ನೋಡಿದರು, ರಾತ್ರಿಯ ಊಟವನ್ನು ನೆನೆದರು, ತ್ರಿಶೂಲ ಕೆಳಗಿಡುವಂತೆ ಸನ್ನೆ ಮಾಡಿದರು. ಗಣಪತಿ ಸುಬ್ಬುವನ್ನು ಬಲೆಯಿಂದ ಬಿಡಿಸಿ ಅಪ್ಪಿಕೊಂಡರು. ಸಭೆ ಕುಣಿಯಿತು.

ನೀತಾ ಓಡಿಬಂದು ಅಪ್ಪನ ಪಂಚೆ ಹಿಡಿದಳು. “ಡ್ಯಾಡಿ, ಇನ್ ರೋಮ್, ಡಿಡ್ ದೇ ಗೆಟ್ ಅಪ್ ಟೂ?”

“ಇಲ್ಲ ಪುಟ್ಟಿ. ಅಲ್ಲಿ ಏಳ್ತಿರ್ಲಿಲ್ಲ.”

ಅವಳು ಸ್ವಲ್ಪ ಯೋಚಿಸಿ, “ದೆನ್ ಅವರ್ಸ್ ಈಸ್ ಬೆಟರ್,” ಎಂದು ಓಡಿಹೋದಳು. ಅವನ ಕಣ್ಣು ಗಡಿಯಾರದ ಮೇಲೆ ಬಿದ್ದಿತ್ತು. ಮೂರು ನಲವತ್ತಾರು.

ಅವನು ಮೈಕು ಹಿಡಿದ. “ಎಲ್ಲರೂ ನಿಮ್ಮ ನಿಮ್ಮ ಕಮಾನಿನಲ್ಲಿ ಹೊರಡಿ. ಯಾರೂ ನಿಲ್ಲಬಾರದು. ಚಪ್ಪಲಿ, ಮಕ್ಕಳು, ಟಿಫಿನ್ ಕ್ಯಾರಿಯರ್, ಎಲ್ಲ ಕೈಯಲ್ಲಿ ಹಿಡ್ಕೊಳ್ಳಿ.” ಆರು ಬಾಗಿಲು ತೆರೆದವು. ಕೆಂಪು ಟಿಕೆಟ್ಟು ಕೆಂಪು ಬಾಗಿಲಿಗೆ ಹೋಯಿತು, ಹಳದಿ ಹಳದಿಗೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ನಾಲ್ಕು ನಿಮಿಷಕ್ಕೆ ಆಡಿಟೋರಿಯಂ ಖಾಲಿ. ಕೊಲೋಸಿಯಂ ಕಟ್ಟಿದವನು ಬಂದು ನೋಡಿದ್ದರೂ ಬೆನ್ನು ತಟ್ಟುತ್ತಿದ್ದ. ಗಣಪತಿ ಮತ್ತು ಸುಬ್ಬು ಟಾರ್ಪಾಲಿನ್ ಮೂಲೆಗಳನ್ನು ಸೇರಿಸಿ, ಇನ್ನಿಬ್ಬರ ಕೈಗೂಡಿಸಿಕೊಂಡು, ಕೆಂಪು ಮರಳನ್ನೆಲ್ಲ ರಂಗದ ಹಿಂಬಾಗಿಲಿನಿಂದ ಹೊತ್ತೊಯ್ದರು. ಕೆಳಗಿನ ಮರದ ನೆಲ ಹೊಳೆಯುತ್ತಿತ್ತು.

ಅಶ್ವತ್ಥನಾರಾಯಣ ಗೆದ್ದೆನೆಂದು ಲಾಬಿಗೆ ಬಂದ. ಬಂದವನ ಕಾಲು ಅಲ್ಲೇ ಹೂತುಹೋಯಿತು.

ಲಾಬಿಯ ತುಂಬ ರೇಷ್ಮೆ ಸೀರೆಗಳು. ತಮ್ಮ ತಮ್ಮ ಕಮಾನಿನಲ್ಲಿ ಶಿಸ್ತಾಗಿ ಹೊರಗೆ ಹೋದ ತೊಂಬತ್ತು ಹೆಂಗಸರೂ ಕಟ್ಟಡವನ್ನು ಒಂದು ಸುತ್ತು ಹಾಕಿ, ಹೆಬ್ಬಾಗಿಲಿನಿಂದ ಮತ್ತೆ ಒಳಗೆ ಬಂದಿದ್ದರು. ಬಾಗಿಲ ಪಕ್ಕದ ಮೇಜಿನ ಹಿಂದೆ ನಿರುಪಮಾ, ಮುಂದೆ ಅರಿಶಿನ ಕುಂಕುಮದ ತಟ್ಟೆ, ಪಕ್ಕದಲ್ಲಿ ಆ ತೊಂಬತ್ತು ಚೀಲಗಳು. ಒಬ್ಬೊಬ್ಬರೂ ಕುಂಕುಮ ಇಟ್ಟುಕೊಂಡು, ಚೀಲ ತಗೊಂಡು, ಸೀರೆ ಎಲ್ಲಿಯದು, ಅಮ್ಮ ಹೇಗಿದ್ದಾರೆ, ಕಾಗದ ಬಂತೇ ಎಂದು ವಿಚಾರಿಸಿ ಮುಂದಕ್ಕೆ ಸರಿಯುತ್ತಿದ್ದರು. ಹಬ್ಬದ ದಿನ ಕರೆಸಿದ ಮುತ್ತೈದೆಯರನ್ನು ಕುಂಕುಮ ಕೊಡದೆ ಕಳಿಸುವುದು ಎಲ್ಲಾದರೂ ಉಂಟೇ. ಅದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಜನ ನಡೆಯುವ ವೇಗವನ್ನು ಎರಡೆರಡು ಬಗೆಯಲ್ಲಿ ಅಳೆದಿದ್ದ ಮಹಾರಾಯ ಜನ ನಿಲ್ಲುವುದನ್ನು ಅಳೆದಿರಲಿಲ್ಲ. ಒಬ್ಬರಿಗೆ ಒಂದೂವರೆ ನಿಮಿಷ, ತೊಂಬತ್ತು ಜನ. ಮನಸ್ಸಿನಲ್ಲೇ ಗುಣಿಸಿದ, ಎರಡೂಕಾಲು ಗಂಟೆ.

ಮೂರು ಐವತ್ತೊಂದು. ರೂಸ್ಸೋ ಬೀಗದ ಕೈ ಗೊಂಚಲು ಬಿಚ್ಚಿಕೊಂಡು ಬಂದು ನಿಂತಿದ್ದ. ಅವನು ನಗುತ್ತಿರಲಿಲ್ಲ. ಬರೆದು ಕಳಿಸುವುದಕ್ಕೆ ಅವನಿಗೂ ಮನಸ್ಸಿಲ್ಲವೆಂದು ಮುಖ ಹೇಳುತ್ತಿತ್ತು, ಆದರೂ ಅವನು ಬರೆಯುವವನೇ.

“ನಿರೂ, ನಿಲ್ಸು. ನಮ್ಮ ಹಾಲ್ ಹೋಗತ್ತೆ,” ಎಂದ ಅಶ್ವತ್ಥನಾರಾಯಣ.

“ಕುಂಕುಮ ಕೊಡೋದನ್ನ ಅರ್ಧಕ್ಕೆ ನಿಲ್ಸಕ್ಕಾಗತ್ತೇನ್ರೀ?” ಎಂದಳು ಅವಳು. ಆಮೇಲೆ ಅವನ ಮುಖ ನೋಡಿದಳು. ಅಷ್ಟು ಬೆಳ್ಳಗಾದ ಮುಖವನ್ನು ಅವಳು ಮದುವೆಯ ಮಂಟಪದಲ್ಲೂ ನೋಡಿರಲಿಲ್ಲ. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. “ನೀವು ಆ ಕಾಗದದಲ್ಲಿ ಏನಂತ ಸೈನ್ ಹಾಕಿದೀರಿ? ಜನ ಮನೆಗೆ ಹೋಗ್ಬೇಕು ಅಂತಲೋ, ಬಿಲ್ಡಿಂಗ್ ಖಾಲಿ ಆಗ್ಬೇಕು ಅಂತಲೋ?”

“ಬಿಲ್ಡಿಂಗು.”

“ಮೊದಲೇ ಹೇಳಕ್ಕೇನಾಗಿತ್ತು.”

ಅವಳು ತಟ್ಟೆಯನ್ನು ಎತ್ತಿಕೊಂಡಳು. ಯಾರಿಗೂ ಏನೂ ಹೇಳದೆ ಹೆಬ್ಬಾಗಿಲು ದಾಟಿ, ಮೆಟ್ಟಿಲಿಳಿದು, ಪಾರ್ಕಿಂಗ್ ಲಾಟಿನ ನಡುವೆ ಧ್ವಜದ ಕಂಬದ ಕೆಳಗೆ ಹೋಗಿ ನಿಂತಳು. ರಾಣಿ ಹಾರಿದ ಮೇಲೆ ಜೇನು ಗೂಡಿನಲ್ಲಿ ನಿಲ್ಲುವುದಿಲ್ಲ. ತೊಂಬತ್ತು ಸೀರೆಗಳೂ ಮಾತು ನಿಲ್ಲಿಸದೆ ಅವಳ ಹಿಂದೆ ಹೊರಟವು. ಪಂಕಜಾ ಚೀಲಗಳ ಪೆಟ್ಟಿಗೆಯನ್ನು ಗಂಡನ ತಲೆಯ ಮೇಲೆ ಹೊರಿಸಿದರು. ಚಕ್ರವರ್ತಿ ಪಲಾವಿನ ಎಲೆಯ ಕಿರೀಟವನ್ನೇ ಸಿಂಬಿ ಮಾಡಿಕೊಂಡು ನಡೆದರು.

ರೂಸ್ಸೋ ಒಂದೊಂದೇ ಕೋಣೆ ನೋಡಿದ, ಟಾಯ್ಲೆಟ್ಟುಗಳನ್ನು ತಟ್ಟಿ ನೋಡಿದ, ರಂಗದ ನೆಲದ ಮೇಲೆ ಬಗ್ಗಿ ಅಂಗೈ ಆಡಿಸಿದ. ಕೊನೆಗೆ ಒಳಗೆ ಉಳಿದದ್ದು ಅಶ್ವತ್ಥನಾರಾಯಣ ಒಬ್ಬ. ರೂಸ್ಸೋ ಅವನ ಭುಜ ಹಿಡಿದು ಹೊಸ್ತಿಲ ಆಚೆ ಇಟ್ಟು ಬೀಗ ಹಾಕಿದ. ಮೂರು ಐವತ್ತೊಂಬತ್ತು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಪಾರ್ಕಿಂಗ್ ಲಾಟಿನಲ್ಲಿ ಇನ್ನೂರ ನಲವತ್ತು ಜನ ನಿಂತಿದ್ದರು. ಒಬ್ಬರೂ ಕಾರು ಹತ್ತಿರಲಿಲ್ಲ. ಕಾರಿನ ಬಾನೆಟ್ಟುಗಳ ಮೇಲೆ ಟಿಫಿನ್ ಕ್ಯಾರಿಯರ್‌ಗಳು ಮತ್ತೆ ತೆರೆದಿದ್ದವು. ಎದೆಯೆಲ್ಲ ಕೆಂಪಾಗಿದ್ದ ಸುಬ್ಬುವನ್ನು ಹೆಂಗಸರು ಸುತ್ತುವರಿದು ಹೋಳಿಗೆ ಮೇಲೆ ಹೋಳಿಗೆ ಬ‍ಡಿಸುತ್ತಿದ್ದರು. ನಾಯಿ ಹಿಡಿದು ಹೋಗುತ್ತಿದ್ದ ಅಮೆರಿಕನ್ ಮುದುಕಿಯೊಬ್ಬಳು ಅವನನ್ನು ಕಂಡು ಹೌಹಾರಿ ನಿಂತಳು. ಅವನು ತುಂಬಿದ ಬಾಯಿಯಲ್ಲೇ ಅವಳಿಗೆ ಕೈಮುಗಿದ. ಯಾರೋ ಅವಳ ಕೈಗೂ ಒಂದು ಹೋಳಿಗೆ ಇಟ್ಟರು.

“ಇವರು ಹೋಗೋದಿಲ್ಲ, ಅಲ್ವಾ?” ಎಂದ ರೂಸ್ಸೋ. ಅವನ ಮಡಿಲಲ್ಲೂ ಒಂದು ಪೇಪರ್ ಪ್ಲೇಟು ಬಂದು ಕೂತಿತ್ತು.

“ಹೋಗ್ತಾರೆ,” ಎಂದ ಅಶ್ವತ್ಥನಾರಾಯಣ. ಅವನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ.

“ನನ್ನ ಕಾಗದದಲ್ಲಿ ಕಟ್ಟಡ ಅಂತ ಬರೆದಿದೆ. ಪಾರ್ಕಿಂಗ್ ಲಾಟ್ ಬಗ್ಗೆ ಏನೂ ಬರೆದಿಲ್ಲ.” ರೂಸ್ಸೋ ಜೇಬಿನಿಂದ ಪೆನ್ಸಿಲ್ಲು, ಪುಟ್ಟ ಪುಸ್ತಕ ತೆಗೆದ. “ನಿಮ್ಮ ದೀಪದ ಹಬ್ಬ ಯಾವಾಗ? ನವೆಂಬರ್ ಒಂದನೇ ತಾರೀಖು ಶನಿವಾರ ಇದೆ. ಬರೆದುಕೊಳ್ಳಲಾ?”

ಅಶ್ವತ್ಥನಾರಾಯಣ ತಲೆಯಾಡಿಸಿದ.

“ಐದರವರೆಗೆ ಕೇಳಿ ನೋಡ್ತೀನಿ,” ಎಂದು ರೂಸ್ಸೋ ಬರೆದುಕೊಂಡು, ಹೋಳಿಗೆಯ ತುಣುಕು ಬಾಯಿಗೆ ಹಾಕಿಕೊಂಡ. “ಆ ಹುಡುಗ ಮತ್ತೆ ಸಾಯ್ತಾನಾ?”

“ಅದು ನೋಡೋರ ಕೈಲಿದೆ,” ಎಂದ ಅಶ್ವತ್ಥನಾರಾಯಣ.

ಬಿಸಿಲು ಶಾಲೆಯ ಹಿಂದಕ್ಕೆ ಇಳಿಯಿತು, ಏಪ್ರಿಲ್ಲಿನ ಗಾಳಿ ತಣ್ಣಗೆ ಬೀಸತೊಡಗಿತು. ಕುಂಕುಮದ ಸಾಲು ಇನ್ನೂ ಅರ್ಧ ಉಳಿದಿತ್ತು. ಕೊಲೋಸಿಯಂ ಬಗ್ಗೆ ಅವನು ಓದಿದ ಪುಸ್ತಕಗಳಲ್ಲಿ ಜನ ಕಮಾನು ದಾಟಿ ಹೊರಗೆ ಬಂದ ಮೇಲೆ ಏನು ಮಾಡುತ್ತಿದ್ದರೆಂದು ಯಾರೂ ಬರೆದಿರಲಿಲ್ಲ. ಅವರೂ ಹೀಗೆ ನಿಲ್ಲುತ್ತಿದ್ದರೇ? ನೋಡಿ ಬಂದದ್ದನ್ನು ನೆನೆದರೆ ನಿಂತು ಮಾತಾಡಲು ಮನಸ್ಸು ಬರುತ್ತಿತ್ತೇ? ಬಡಪಾಯಿಗಳು ಬೇಗ ಬೇಗ ಮನೆಗೆ ಹೋಗಿಬಿಡುತ್ತಿದ್ದರೇನೋ, ಪಾಪ. ಅವನು ಎದ್ದು ಜನರ ನಡುವೆ ಹೋದ. ಬದರೀನಾಥರಾಯರು ಅವನ ಕೈ ಹಿಡಿದು ನಿಲ್ಲಿಸಿ, ಆ ಕೊನೆಯ ಮಾತನ್ನು ಹೇಗೆ ಬರೆದೆ ಎಂದು ಕೇಳಿದರು. ಅವನು ಮಿನಿಯೋಲಾ ಸ್ಟೇಷನ್ನಿನಿಂದ ಶುರು ಮಾಡಿದ.

ಆರು ಗಂಟೆಗೆ ನಿರುಪಮಾ ಖಾಲಿ ತಟ್ಟೆ ಹಿಡಿದು, ನಿದ್ದೆಗಣ್ಣಿನ ನೀತಾಳನ್ನು ಕರೆದುಕೊಂಡು ಅವನ ಹತ್ತಿರ ಬಂದಳು. “ರೀ, ಹೊರಡೋಣ್ವಾ? ಎಲ್ಲರೂ ಹೊರಟ್ರು.”

“ಇರು ನಿರೂ,” ಎಂದ ಅವನು ತಿರುಗದೆ. “ಇನ್ನೊಂದು ಹತ್ತು ನಿಮಿಷ.”